ಮಹಾಮಾರಿ ನಡೆದು ಬಂದ ದಾರಿ

ವೈದ್ಯನಿಗೆ ರೋಗಿಯ ನಾಡಿ ಹೇಗೋ, ನಗರದ ಆರೋಗ್ಯವನ್ನು ಕಾಯುವವರಿಗೆ ಅದರ ನಕ್ಷೆಯೂ ಹಾಗೆಯೇ. ಸಾಂಕ್ರಾಮಿಕ ರೋಗವೊಂದು ತಲೆಯೆತ್ತಿದಾಗ ಎಷ್ಟು ಮಂದಿ ಹಾಸಿಗೆ ಹಿಡಿದರೆಂಬುದು ತಿಳಿದರೆ ಸಾಲದು. ಅವರು ವಾಸವಾಗಿದ್ದುದೆಲ್ಲಿ, ಬಂದುದೆಲ್ಲಿಂದ, ಕುಡಿದುದು ಯಾವ ನೀರು ಎಂಬುದೂ ತಿಳಿಯಬೇಕು. ಅಂಕಿಗಳ ಪಟ್ಟಿಯಲ್ಲಿ ಅಡಗಿದ್ದ ಗುಟ್ಟು, ನಕ್ಷೆಯ ಮೇಲೆ ಒಂದೊಂದೇ ಚುಕ್ಕೆಯನ್ನಿಟ್ಟಾಗ ಕಣ್ಣಿಗೆ ಬೀಳುತ್ತದೆ.

ಈ ವಿದ್ಯೆಗೆ ಹೆಸರು ತಂದವರು ಲಂಡನ್ನಿನ ವೈದ್ಯ ಡಾ. ಜಾನ್ ಸ್ನೋ. 1854ರಲ್ಲಿ ಅಲ್ಲಿಯ ಸೋಹೋ ಪ್ರದೇಶದಲ್ಲಿ ಕಾಲರಾ ಹಬ್ಬಿ ನೂರಾರು ಜನ ಸತ್ತರು. ಕೆಟ್ಟ ಗಾಳಿಯೇ ರೋಗದ ಮೂಲವೆಂದು ಬಹುಮಂದಿ ನಂಬಿದ್ದ ಕಾಲವದು. ಸ್ನೋ ಮನೆಮನೆಯ ಸಾವನ್ನು ವಿಚಾರಿಸಿದರು. ಸಾವುಗಳೆಲ್ಲ ಬ್ರಾಡ್ ಸ್ಟ್ರೀಟಿನ ನೀರಿನ ಪಂಪೊಂದರ ಸುತ್ತ ಗುಂಪುಗೂಡಿದ್ದವು. ಸೆಪ್ಟೆಂಬರ್ 8ರಂದು ಆ ಪಂಪಿನ ಹಿಡಿಯನ್ನು ತೆಗೆಸಲಾಯಿತು. ಸಾವುಗಳನ್ನು ತೋರಿಸುವ ಅವರ ಪ್ರಸಿದ್ಧ ನಕ್ಷೆ ಸಿದ್ಧವಾದುದು ಅನಂತರ.

ಆದರೆ ಸ್ನೋ ಅವರ ವಾದಕ್ಕೆ ಬಲ ತಂದ ಸಾವೊಂದು ಆ ಗುಂಪಿನಿಂದ ಬಹುದೂರದಲ್ಲಿತ್ತು. ಹ್ಯಾಂಪ್‌ಸ್ಟೆಡ್ಡಿನ ವಿಧವೆಯೊಬ್ಬಳು, ಹಿಂದೆ ಬ್ರಾಡ್ ಸ್ಟ್ರೀಟಿನಲ್ಲಿದ್ದಾಗ ರುಚಿ ಹತ್ತಿದ್ದ ನೀರನ್ನು ಗಾಡಿಯಲ್ಲಿ ತರಿಸಿಕೊಂಡು ಕುಡಿಯುತ್ತಿದ್ದಳು. ಅವಳು ಕಾಲರಾಕ್ಕೆ ಬಲಿಯಾದಳು. ಪಂಪಿನ ಹತ್ತಿರದಲ್ಲೇ ಇದ್ದ ಬಿಯರು ಕಾರ್ಖಾನೆಯ ಆಳುಗಳಾದರೋ ಆ ನೀರನ್ನು ಮುಟ್ಟದೆ ಪಾರಾದರು. ಹತ್ತಿರದವರು ಉಳಿದು ದೂರದವಳು ಅಳಿದಳೆಂದರೆ, ಅಳೆಯಬೇಕಾದುದು ನೆಲದ ದೂರವನ್ನಲ್ಲ, ನೀರು ಸಾಗಿದ ದಾರಿಯನ್ನು.

ನಮ್ಮ ನಾಡಿಗೆ ಇದೇ ಪಾಠವನ್ನು ಪ್ಲೇಗು ಕಲಿಸಿತು. 1896ರಲ್ಲಿ ಮುಂಬಯಿಯ ಬಂದರಿನ ಬಳಿಯ ಮಾಂಡ್ವಿಯಲ್ಲಿ ಕಾಣಿಸಿಕೊಂಡ ರೋಗವು, ಹುಬ್ಬಳ್ಳಿಯ ಕಡೆಯಿಂದ ರೈಲಿನ ಹಾದಿ ಹಿಡಿದು 1898ರ ಆಗಸ್ಟಿನಲ್ಲಿ ಬೆಂಗಳೂರನ್ನು ಸೇರಿತು. ಪೇಟೆಯ ಇಕ್ಕಟ್ಟಾದ ಓಣಿಗಳೂ ದವಸದ ಮಳಿಗೆಗಳೂ ಇಲಿಗಳಿಗೆ ಬೀಡಾಗಿದ್ದವು. ರೋಗವನ್ನು ಹರಡುವುದು ಇಲಿಯ ಮೈಮೇಲಿನ ಚಿಗಟವೆಂದು ಫ್ರೆಂಚ್ ವೈದ್ಯ ಸೈಮಂಡ್ ಕರಾಚಿಯಲ್ಲಿ ಕಂಡುಕೊಂಡದ್ದು ಅದೇ ವರ್ಷ. ಶಾಸ್ತ್ರ ತಿಳಿಯದ ಹಳ್ಳಿಗರೂ ‘ಇಲಿ ಬಿತ್ತು’ ಎಂಬ ಮಾತು ಕಿವಿಗೆ ಬಿದ್ದೊಡನೆ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದರು. ಬೆಂಗಳೂರಿನಲ್ಲಿ ರೋಗವು ನಗರದ ನಕ್ಷೆಯನ್ನೇ ತಿದ್ದಿತು: ಅಗಲವಾದ ನೇರ ಬೀದಿಗಳ ಬಸವನಗುಡಿ ಮತ್ತು ಮಲ್ಲೇಶ್ವರ ಬಡಾವಣೆಗಳು ಬೆಳೆದದ್ದು ಈ ಭಯದ ನೆರಳಿನಲ್ಲಿ.

ನೂರಿಪ್ಪತ್ತೆರಡು ವರ್ಷಗಳ ಅನಂತರ ಕೊರೊನಾ ಬಂದಾಗ ಹಾಸನ ಜಿಲ್ಲೆ ಇದೇ ಪಾಠವನ್ನು ಮತ್ತೆ ಓದಬೇಕಾಯಿತು. 2020ರ ಮಾರ್ಚಿನಿಂದಲೇ ಬೆಂಗಳೂರಿನಲ್ಲಿ ರೋಗಿಗಳಿದ್ದರು. ಅಲ್ಲಿಂದ ಚನ್ನರಾಯಪಟ್ಟಣಕ್ಕೆ ಸುಮಾರು 150 ಕಿಲೋಮೀಟರು ಮಾತ್ರ. ಆದರೂ ಮೇ ತಿಂಗಳ ಎರಡನೆಯ ವಾರದವರೆಗೆ ಜಿಲ್ಲೆ ಹಸಿರು ವಲಯದಲ್ಲಿಯೇ ಉಳಿಯಿತು. ಕೊನೆಗೆ ಜಿಲ್ಲೆಯ ಮೊದಲ ಸೋಂಕುಗಳು ಪತ್ತೆಯಾದುದು, ಅದರ ಐದಾರು ಪಟ್ಟು ದೂರದ ಮುಂಬಯಿಯಿಂದ ಚನ್ನರಾಯಪಟ್ಟಣ ತಾಲ್ಲೂಕಿಗೆ ಮರಳಿದವರಲ್ಲಿ. ಹೊಟ್ಟೆಪಾಡಿಗಾಗಿ ಊರು ಬಿಟ್ಟವರು, ದುಡಿಮೆ ನಿಂತುಹೋದಾಗ ಊರಿಗೆ ಬಾರದೆ ಇನ್ನೆಲ್ಲಿಗೆ ಹೋಗಬೇಕು? ಆ ದಿನಗಳಲ್ಲಿ ಚನ್ನರಾಯಪಟ್ಟಣಕ್ಕೆ ಬೆಂಗಳೂರಿಗಿಂತ ಮುಂಬಯಿಯೇ ಸಮೀಪವಾಗಿತ್ತು.

ಇತ್ತ ಬೆಂಗಳೂರಿನಲ್ಲಿ ಮಹಾನಗರ ಪಾಲಿಕೆಯು ‘ವಾರ್ ರೂಂ’ ತೆರೆದು, ಅಂದಿನ 198 ವಾರ್ಡುಗಳ ಸ್ಥಿತಿಗತಿಯನ್ನು ಗಣಕಯಂತ್ರದ ನಕ್ಷೆಯ ಮೇಲೆ ಗುರುತಿಸುತ್ತಿತ್ತು. ಏಪ್ರಿಲಿನಲ್ಲಿ ಪಾದರಾಯನಪುರ ಮತ್ತು ಬಾಪೂಜಿನಗರ ವಾರ್ಡುಗಳನ್ನು ಮುಚ್ಚಲಾಯಿತು. ಇಂಥ ನಕ್ಷೆಯಿಂದ ವೈದ್ಯರನ್ನು ಎಲ್ಲಿಗೆ ಕಳುಹಿಸಬೇಕು, ದಿನಸಿಯನ್ನು ಯಾವ ಬೀದಿಗೆ ತಲುಪಿಸಬೇಕು ಎಂಬುದು ನಿಶ್ಚಯವಾಗುತ್ತದೆ. ಆದರೆ ಅದನ್ನು ಓದುವುದರಲ್ಲಿ ವಿವೇಕ ಬೇಕು. ಹೆಚ್ಚು ಜನರಿರುವಲ್ಲಿ, ಹೆಚ್ಚು ಪರೀಕ್ಷೆ ನಡೆದಲ್ಲಿ ಚುಕ್ಕೆಗಳೂ ಹೆಚ್ಚುತ್ತವೆ. ಚುಕ್ಕೆ ತೋರಿಸುವುದು ರೋಗಿಯ ಮನೆಯನ್ನು. ರೋಗ ಅಂಟಿದ್ದು ಮಾರುಕಟ್ಟೆಯಲ್ಲೋ ಕಾರ್ಖಾನೆಯಲ್ಲೋ ಬಸ್ಸಿನಲ್ಲೋ ಇರಬಹುದು.

ಇದನ್ನು ಮರೆತಾಗ ಚುಕ್ಕೆಯು ಕಳಂಕವಾಗುತ್ತದೆ. ಪ್ಲೇಗಿನ ಕಾಲದ ಮುಂಬಯಿಯಲ್ಲಿ ರೋಗ ಹೊಕ್ಕ ಮನೆಗಳ ಗೋಡೆಯ ಮೇಲೆ ವೃತ್ತಗಳನ್ನು ಬರೆಯುತ್ತಿದ್ದರು. ಕೊರೊನಾ ಕಾಲದಲ್ಲಿ ಬಾಗಿಲಿಗೆ ಚೀಟಿ ಅಂಟಿಸಿದರು. ನೆರೆಯವರು ಆ ಬಾಗಿಲನ್ನು ಕಂಡು ಮುಖ ತಿರುಗಿಸಿಕೊಂಡರು. ಅಧಿಕಾರಿಗಳ ವಿಶೇಷ ನಿರ್ದೇಶನವಿಲ್ಲದೆ ಹಾಗೆ ಅಂಟಿಸಕೂಡದೆಂದು 2020ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಹೇಳಬೇಕಾಯಿತು.

ಸ್ನೋ ನಕ್ಷೆಯಲ್ಲಿ ಸಾವು ಸಂಭವಿಸಿದ ಮನೆಗಳಿಗೆಲ್ಲ ಕಪ್ಪು ಗುರುತುಗಳಿದ್ದವು. ಆದರೆ ಅವರು ದೂರಿದ್ದು ಆ ಮನೆಗಳವರನ್ನಲ್ಲ. ತೆಗೆಸಿದ್ದು ಪಂಪಿನ ಹಿಡಿಯನ್ನು.