ಚಾರ್ಜರ್ ಹಾಳಾಗಿದೆ ಅಂತ ಬಿಸಾಡೋ ಮುಂಚೆ ಕಾರಿನ ರಿಲೇ ಒಂದ್ಸಲ ನೋಡಿ

ಸಾಗರ: ಕಾರಲ್ಲಿ ಮೊಬೈಲ್ ಚಾರ್ಜ್ ಆಗ್ತಿಲ್ಲ ಅಂದ್ರೆ ಮನೆ ಬಳಕೆಯ ಕಾರಿಗೆ ದೊಡ್ಡ ವಿಷಯ ಏನಲ್ಲ. ಬಾಡಿಗೆ ಕಾರಿಗೆ ಹಾಗಲ್ಲ. ನಮ್ಮ ಮಾವ ಜೋಗ, ಸಿಗಂದೂರು ಕಡೆ ಬಾಡಿಗೆ ಓಡಿಸ್ತಾರೆ. ಕಳೆದ ಮಳೆಗಾಲದಲ್ಲಿ ಮಧ್ಯಾಹ್ನದ ಹೊತ್ತಿಗೆ ಅವರ ಫೋನ್ ಸ್ವಿಚ್ ಆಫ್ ಆಗೋಕೆ ಶುರುವಾಯ್ತು. ಎರಡು ಬಾಡಿಗೆ ಕೈತಪ್ಪಿತು. ಮೂರು ಚಾರ್ಜರ್ ಬದಲಾಯಿಸಿದ್ರು. ಸೌಂಡ್ ಜಾಸ್ತಿ ಇಟ್ಟರೆ ಮ್ಯೂಸಿಕ್ ಸಿಸ್ಟಮ್ ಕೂಡ ಆಫ್ ಆಗಿ ಆನ್ ಆಗ್ತಿತ್ತು. ತೋರಿಸಿದ ಒಂದು ಕಡೆ "ಸೆಟ್ಟೇ ಹೋಗಿದೆ, ಹೊಸದು ಹಾಕಿಸಿ" ಅಂದ್ರು, ಇನ್ನೊಂದು ಕಡೆ "ವೈರಿಂಗ್ ಪೂರ್ತಿ ಬಿಚ್ಚಬೇಕು" ಅಂದ್ರು. ಕೊನೆಗೆ ಹೋಗಿದ್ದು ಬೆಂಕಿಪೊಟ್ಟಣಕ್ಕಿಂತ ಚಿಕ್ಕ ಡಬ್ಬಿ, ಒಂದು ರಿಲೇ.

ರಿಲೇ ಅಂದ್ರೆ ಏನು? ಕೀ ತಿರುಗಿಸೋ ಸ್ವಿಚ್ಚಿನ ಒಳಗಿನ ಪಾಯಿಂಟುಗಳು ಸಣ್ಣವು. ಜಾಸ್ತಿ ಕರೆಂಟು ಅದರ ಮೂಲಕವೇ ಹರಿದರೆ ಸುಟ್ಟು ಹೋಗ್ತವೆ. ಅದಕ್ಕೇ ಕೀ ಸ್ವಿಚ್ಚು ಬರೀ ಸಣ್ಣ ಕರೆಂಟನ್ನ ರಿಲೇ ಒಳಗಿನ ಕಾಯಿಲ್‌ಗೆ ಕಳಿಸುತ್ತೆ. ಕಾಯಿಲ್ ಅಯಸ್ಕಾಂತ ಆಗಿ ಒಂದು ಪತ್ರವನ್ನ ಎಳೆಯುತ್ತೆ, 'ಟಕ್' ಅನ್ನುತ್ತೆ, ದೊಡ್ಡ ಪಾಯಿಂಟ್ ಕೂಡುತ್ತೆ. ಆಮೇಲೆ ಬ್ಯಾಟರಿಯ ಕರೆಂಟು ಅಲ್ಲಿಂದ ಸಾಕೆಟ್ಟಿಗೆ, ಸೆಟ್ಟಿಗೆ ಹೋಗುತ್ತೆ. ನಾನು ಡಿಗ್ರಿ ಅರ್ಧಕ್ಕೆ ಬಿಟ್ಟವನು, ಆದರೆ ಪಿಯುಸಿಯಲ್ಲಿ ಓದಿದ ಈ ವಿದ್ಯುತ್ಕಾಂತದ ಪಾಠ ಕೆಲಸಕ್ಕೆ ಬಂದಿದ್ದು ಮಾವನ ಕಾರಲ್ಲೇ. ಒಂದು ಮಾತು, ಎಲ್ಲಾ ಕಾರಲ್ಲೂ ಎಸಿಸಿ ಲೈನಿಗೆ ಬೇರೆ ರಿಲೇ ಇರಲ್ಲ. ಕೆಲವು ಹಳೇ ಸಣ್ಣ ಕಾರುಗಳಲ್ಲಿ ಕೀ ಸ್ವಿಚ್ಚಿನಿಂದಲೇ ನೇರ ಹೋಗುತ್ತೆ. ಫ್ಯೂಸ್ ಬಾಕ್ಸಿನ ಮುಚ್ಚಳದ ಚಿತ್ರ ಅಥವಾ ಕಾರಿನ ಜೊತೆ ಬಂದ ಪುಸ್ತಕ ನೋಡಿದ್ರೆ ತಿಳಿಯುತ್ತೆ.

ಮೊದಲು ಯಾವುದು ಕೆಟ್ಟಿದೆ ಅಂತ ಸರಿಯಾಗಿ ನೋಡಿ. ಬರೀ ಸಾಕೆಟ್ ಕೆಟ್ಟು ಸೆಟ್ ಸರಿಯಾಗಿ ಹಾಡ್ತಿದ್ರೆ ರಿಲೇ ಮೇಲೆ ಅನುಮಾನ ಬೇಡ, ಆ ಸಾಕೆಟ್ಟಿನ ಫ್ಯೂಸ್ ನೋಡಿ. ಸಾಕೆಟ್ ತಳದಲ್ಲಿ ನಾಣ್ಯ ಬಿದ್ದು ಶಾರ್ಟ್ ಆಗೋದೂ ಉಂಟು. ಎರಡೂ ಒಟ್ಟಿಗೆ ಕೈಕೊಟ್ಟರೆ ಎರಡಕ್ಕೂ ಕರೆಂಟು ಕೊಡೋ ಜಾಗ, ಅಂದ್ರೆ ಮೇನ್ ಫ್ಯೂಸ್, ರಿಲೇ, ಕೀ ಸ್ವಿಚ್ಚು ಇವುಗಳಲ್ಲಿ ಒಂದು.

ಫ್ಯೂಸ್ ಸರಿ ಇದ್ರೆ ಸದ್ದು ಕೇಳಿ. ರಿಲೇ ಮೇಲೆ ಬೆರಳಿಟ್ಟುಕೊಳ್ಳಿ, ಪಕ್ಕದವರಿಗೆ ಕೀಯನ್ನ ಆಫ್‌ನಿಂದ ಎಸಿಸಿಗೆ ತಿರುಗಿಸೋಕೆ ಹೇಳಿ. ಟಕ್ ಅಂತ ಬೆರಳಿಗೆ ತಾಗಿದ್ರೆ ಕಾಯಿಲ್ ಸರಿ ಇದೆ, ಕೀಯಿಂದ ಕರೆಂಟು ಬರ್ತಿದೆ, ಅರ್ತ್ ಕೂಡ ಇದೆ. ಏನೂ ಇಲ್ಲ ಅಂದ್ರೆ ಈ ಮೂರರಲ್ಲಿ ಒಂದು ಇಲ್ಲ. ಒಂದೇ ಸಮನೆ ಟಕಟಕ ಅಂತಿದ್ರೆ ಬ್ಯಾಟರಿ ಇಳಿದಿರಬಹುದು, ಅರ್ತ್ ವೈರು ಸಡಿಲ ಆಗಿರಬಹುದು. ಆದರೆ ಟಕ್ ಅಂದ ಮಾತ್ರಕ್ಕೆ ರಿಲೇ ಸರಿ ಇದೆ ಅಂತ ಅಲ್ಲ. ಮಾವನ ಕಾರಲ್ಲಿ ಎಲ್ಲರೂ ಎಡವಿದ್ದು ಇಲ್ಲೇ.

ಸುಲಭದ ದಾರಿ ಅಂದ್ರೆ ಅದಲುಬದಲು. ಹಾರ್ನಿನ ರಿಲೇ ಎಷ್ಟೋ ಕಾರಲ್ಲಿ ಅದೇ ತರದ್ದು ಇರುತ್ತೆ. ಕೀ ಆಫ್ ಮಾಡಿ, ಎರಡರ ಮೇಲಿನ ನಂಬರ್ರು, ಪಿನ್ನುಗಳ ಸಂಖ್ಯೆ, ಪಕ್ಕದ ಚಿತ್ರ ಎಲ್ಲಾ ಒಂದೇ ಇದೆಯಾ ನೋಡಿ, ಇದ್ರೆ ಮಾತ್ರ ಬದಲಾಯಿಸಿ. ಒಳಗೆ ಡಯೋಡ್ ಇರೋ ರಿಲೇ ನೋಡೋಕೆ ಹಾಗೇ ಇರುತ್ತೆ, ತಪ್ಪು ಜಾಗಕ್ಕೆ ಹಾಕಿದ್ರೆ ಫ್ಯೂಸ್ ಹೋಗಬಹುದು. ಅದಲುಬದಲು ಮಾಡಿದಾಗ ಸಾಕೆಟ್ ಸರಿಹೋಗಿ ಹಾರ್ನ್ ಕೈಕೊಟ್ಟರೆ ಕಳ್ಳ ಸಿಕ್ಕಿಬಿದ್ದ ಹಾಗೆ.

ಸರಿಹೋಗದಿದ್ರೆ ರಿಲೇ ಕಿತ್ತು, ಅದು ಕೂರೋ ಜಾಗದಲ್ಲಿ ಕರೆಂಟು ಇದೆಯಾ ನೋಡಬೇಕು. ಪಿನ್ನುಗಳ ಪಕ್ಕ 30, 85, 86, 87 ಅಂತ ನಂಬರ್ ಇರುತ್ತೆ. 30 ಬ್ಯಾಟರಿಯಿಂದ ಬರೋದು, 87 ಸಾಮಾನಿಗೆ ಹೋಗೋದು, 85 ಮತ್ತು 86 ಕಾಯಿಲ್‌ನ ಎರಡು ತುದಿ. 30ರ ಜಾಗದಲ್ಲಿ ಸಾಮಾನ್ಯವಾಗಿ ಯಾವಾಗಲೂ 12 ವೋಲ್ಟ್ ಇರಬೇಕು. 85, 86ರಲ್ಲಿ ಒಂದಕ್ಕೆ ಕೀ ತಿರುಗಿಸಿದಾಗ 12 ವೋಲ್ಟ್ ಬರಬೇಕು, ಇನ್ನೊಂದಕ್ಕೆ ಅರ್ತ್ ಸಿಗಬೇಕು. ಹೊಸ ಕಾರುಗಳಲ್ಲಿ ಈ ಕಾಯಿಲ್ಲನ್ನ ಕಂಪ್ಯೂಟರ್ ನಡೆಸೋದೂ ಇದೆ, ಅಲ್ಲಿ ಬಲ್ಬಿನ ಟೆಸ್ಟ್ ಲ್ಯಾಂಪ್ ಚುಚ್ಚಬೇಡಿ, ಮೀಟರ್ ಮಾತ್ರ ಬಳಸಿ. ಹಳದಿ ಕವಚದ ವೈರುಗಳು ಏರ್‌ಬ್ಯಾಗಿನವು, ಅದನ್ನ ಮುಟ್ಟಲೇಬೇಡಿ.

ಕಿತ್ತ ರಿಲೇಯ 85-86ರ ಮಧ್ಯೆ ಮೀಟರಿನಲ್ಲಿ ಓಮ್ಸ್ ನೋಡಿ. 12 ವೋಲ್ಟಿನ ರಿಲೇಗಳಲ್ಲಿ ಹೆಚ್ಚಿನವಕ್ಕೆ ಸುಮಾರು 50ರಿಂದ 120 ಓಮ್ಸ್ ಒಳಗೆ ಬರುತ್ತೆ. ಏನೂ ತೋರಿಸದಿದ್ರೆ ಕಾಯಿಲ್ ಕಡಿದಿದೆ.

ಈಗ ಮಾವನ ಕಾರಿನ ಕತೆಗೆ ಬರ್ತೀನಿ. ಅಲ್ಲಿ ಟಕ್ ಸದ್ದು ಬರ್ತಿತ್ತು. ಸಾಕೆಟ್ಟಿಗೆ ಮೀಟರ್ ಹಿಡಿದ್ರೆ 12.4 ತೋರಿಸ್ತಿತ್ತು. "ಕರೆಂಟು ಬರ್ತಿದೆಯಲ್ಲ ಮಾರಾಯ, ಚಾರ್ಜರೇ ಸರಿ ಇಲ್ಲ" ಅಂತ ಮಾವ. ಮೀಟರ್ ಎಳೆಯೋ ಕರೆಂಟು ಇಲ್ಲ ಅನ್ನೋಷ್ಟು ಕಮ್ಮಿ. ಪಾಯಿಂಟ್ ಸುಟ್ಟು ಕಪ್ಪಾಗಿ ಕೂದಲೆಳೆಯಷ್ಟು ತಾಗ್ತಿದ್ರೂ ಮೀಟರಿಗೆ ಪೂರ್ತಿ ವೋಲ್ಟೇಜ್ ಕಾಣುತ್ತೆ. ನಲ್ಲಿಯಲ್ಲಿ ಕಸ ಕಟ್ಟಿದ್ರೂ ಬಾಯಿ ಮುಚ್ಚಿ ಹಿಡಿದ್ರೆ ಪ್ರೆಶರ್ ಇರುತ್ತಲ್ಲ, ಹಾಗೆ. ಬಿಟ್ಟಾಗಲೇ ಗೊತ್ತಾಗೋದು. ಅದಕ್ಕೆ ಇಂಡಿಕೇಟರಿನ 21 ವ್ಯಾಟ್ ಬಲ್ಬಿಗೆ ವೈರು ಕಟ್ಟಿ ಸಾಕೆಟ್ಟಿಗೆ ಕೊಟ್ವಿ. ಬಲ್ಬು ಮಂಕಾಗಿ ಉರಿತು, 12.4 ಇದ್ದಿದ್ದು 7ರ ಹತ್ತಿರ ಇಳೀತು. ಬಲ್ಬು ಉರಿಯುವಾಗಲೇ ಮೀಟರಿನ ಒಂದು ಮುಳ್ಳು 30ಕ್ಕೆ, ಇನ್ನೊಂದು 87ಕ್ಕೆ ಹಿಡಿದ್ವಿ. ಸರಿ ಇರೋ ರಿಲೇಯಲ್ಲಿ 0.2 ವೋಲ್ಟಿಗಿಂತ ಕಮ್ಮಿ ಇರಬೇಕು. ಇಲ್ಲಿ 5ರಷ್ಟು ಬಂತು. ಕಳೆದು ಹೋದ ವೋಲ್ಟೇಜ್ ಎಲ್ಲಾ ರಿಲೇ ಒಳಗೇ ಬಿಸಿ ಆಗ್ತಿತ್ತು. ಮುಟ್ಟಿದ್ರೆ ಕೈ ಸುಡ್ತಿತ್ತು, ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿತ್ತು.

ಹಾಗಾಗಿದ್ದು ಯಾಕೆ? ಸೆಟ್ಟಿನ ವೈರಿನಿಂದಲೇ ಎಳೆದು ಆಂಪ್ಲಿಫೈಯರ್ ಹಾಕಿಸಿದ್ರು, ಜೊತೆಗೆ ಒಳಗೆಲ್ಲಾ ಬಣ್ಣದ ಲೈಟು. ಸಾಲದ್ದಕ್ಕೆ ಟೈರಿಗೆ ಗಾಳಿ ಹಾಕೋ ಪಂಪು ಬೇರೆ. ಇಂಥ ಲೋಡಿಗೆ ಬ್ಯಾಟರಿಯಿಂದಲೇ ಬೇರೆ ವೈರು, ಬ್ಯಾಟರಿ ಪಕ್ಕದಲ್ಲೇ ಫ್ಯೂಸ್, ಬೇರೆ ರಿಲೇ ಬೇಕು. ಎಸಿಸಿ ಲೈನು ಆ ರಿಲೇಯ ಕಾಯಿಲ್‌ಗೆ ಮಾತ್ರ ಸಾಕು. ನಮ್ಮ ಕಡೆಯ ಮಳೆಗೆ ಪಿನ್ನು ಹಸಿರು ಹಿಡಿಯೋದು, ಇಲಿ ವೈರು ಕಡಿಯೋದು ಇದ್ದದ್ದೇ, ಆದರೆ ಈ ಕಾರಲ್ಲಿ ತಪ್ಪು ನಮ್ಮದೇ.

ಇದರ ಉಲ್ಟಾ ಕಾಯಿಲೆಯೂ ಇದೆ. ಪಾಯಿಂಟ್ ಕರಗಿ ಅಂಟಿಕೊಂಡ್ರೆ ಕೀ ತೆಗೆದ ಮೇಲೂ ಕರೆಂಟು ಹೋಗ್ತಾನೇ ಇರುತ್ತೆ. 35 ಆಂಪಿಯರ್-ಅವರ್ ಬ್ಯಾಟರಿಯಿಂದ ಒಂದೇ ಸಮನೆ 1 ಆಂಪಿಯರ್ ಸೋರ್ತಿದ್ರೂ ಒಂದೂವರೆ ದಿನಕ್ಕೆ ಖಾಲಿ. ಬೆಳಿಗ್ಗೆ ಬೆಳಿಗ್ಗೆ ತಳ್ಳೋಕೆ ಜನ ಹುಡುಕಬೇಕು. ಬ್ಯಾಟರಿ ಹೊಸದು ಹಾಕಿದ್ರೂ ಅದೇ ಕತೆ. ಕೆಲವು ಕಾರಲ್ಲಿ ಸಾಕೆಟ್ ಯಾವಾಗಲೂ ಆನ್ ಇರೋ ಹಾಗೇ ಮಾಡಿರ್ತಾರೆ, ಅದನ್ನ ಇದು ಅಂದುಕೊಳ್ಳಬೇಡಿ.

ಇನ್ನು 'ಅಡ್ಜಸ್ಟ್' ಮಾಡಿಕೊಡೋರ ಬಗ್ಗೆ. ರಿಲೇ ಕಿತ್ತು 30-87ಕ್ಕೆ ಒಂದು ತುಂಡು ವೈರು ಸಿಕ್ಕಿಸಿ ಕಳಿಸ್ತಾರೆ. ಅವತ್ತಿಗೆ ಎಲ್ಲಾ ನಡೆಯುತ್ತೆ, ಆದರೆ ಯಾವತ್ತೂ ಆಫ್ ಆಗಲ್ಲ. 15ರ ಫ್ಯೂಸ್ ಪದೇಪದೇ ಹೋಗುತ್ತೆ ಅಂತ 30ರದ್ದು ಹಾಕೋದು ಇದಕ್ಕಿಂತ ಕೆಟ್ಟದ್ದು. ಆಗ ಫ್ಯೂಸಿನ ಬದಲು ಡ್ಯಾಶ್‌ಬೋರ್ಡ್ ಒಳಗಿನ ವೈರು ಸುಡುತ್ತೆ.

ರಿಲೇಗೆ ಕೆಲವು ನೂರು ರೂಪಾಯಿ ಅಷ್ಟೇ. ಅಂಗಡಿಗೆ ಹೋಗುವಾಗ ಹಳೇದನ್ನ ಕೈಯಲ್ಲಿ ಹಿಡ್ಕೊಂಡೇ ಹೋಗಿ, ಕಾರಿನ ಹೆಸರು ಹೇಳಿದ್ರೆ ಸಾಲಲ್ಲ. ಹೊಸದು ಹಾಕೋ ಮುಂಚೆ ಅದು ಕೂರೋ ಜಾಗದ ತಗಡುಗಳು ಬಿಗಿ ಇದೆಯಾ ನೋಡಿಸಿ. ಬಿಸಿಗೆ ಅಗಲ ಆಗಿದ್ರೆ ಹೊಸ ರಿಲೇಯೂ ಹೀಗೇ ಸುಡುತ್ತೆ. ಮಾವನ ಕಾರಲ್ಲಿ 87ರ ತಗಡು ಸಡಿಲ ಆಗಿತ್ತು, ಅದನ್ನೂ ಬದಲಾಯಿಸಿ, ಆಂಪ್ಲಿಫೈಯರಿಗೆ ಬೇರೆ ಲೈನ್ ಎಳೆಸಿದ್ವಿ. ಹಳೇ ಮೂರು ಚಾರ್ಜರ್ ಹಾಕಿ ನೋಡಿದ್ರೆ ಮೂರೂ ನಡೀತಿದ್ವು.