ಪ್ರತಿಭಾಸ್ತಂಭನ ಮತ್ತು ಅದರ ಪರಿಹಾರ: ಶಿಕಾರಿಪುರ–ಸೊರಬ ಪ್ರದೇಶದ ಮೂರು ನಿದರ್ಶನಗಳು

ಕಲಾವಿದನ ಬಾಳಿನಲ್ಲಿ ಕೈ ನಿಂತುಹೋಗುವ ಕಾಲವೊಂದುಂಟು. ಸಾಮಗ್ರಿ ಮುಂದಿರುತ್ತದೆ, ಉಪಕರಣಗಳು ಹದವಾಗಿರುತ್ತವೆ, ಕಲಿತ ವಿದ್ಯೆ ಮರೆತಿರುವುದಿಲ್ಲ. ಆದರೂ ಹೊಸತು ಹೊಳೆಯದು, ಹೊಳೆದುದೆಲ್ಲ ಹಿಂದೆ ಮಾಡಿದುದರ ಪುನರುಕ್ತಿಯಾಗಿ ತೋರುತ್ತದೆ. ಈ ಸ್ಥಿತಿಯನ್ನು ನಾವು ಇಲ್ಲಿ ಪ್ರತಿಭಾಸ್ತಂಭನವೆಂದು ಕರೆಯುತ್ತೇವೆ. ಇದು ಏತರಿಂದ ಒದಗುತ್ತದೆ, ಹೇಗೆ ನೀಗುತ್ತದೆ ಎಂಬುದನ್ನು ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳಿಗೆ ಸೇರಿದ ಮೂರು ನಿದರ್ಶನಗಳಿಂದ ವಿಚಾರಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ಲಾಕ್ಷಣಿಕರ ಮತ

ಸ್ಫೂರ್ತಿಯೆಂಬುದು ತಾನಾಗಿ ಬರತಕ್ಕದ್ದು, ಬರುವವರೆಗೆ ಕಾಯುವುದಷ್ಟೇ ಕಲಾವಿದನ ಪಾಲಿನದು ಎಂಬ ನಂಬಿಕೆ ಬಹಳ ಪ್ರಚಾರದಲ್ಲಿದೆ. ನಮ್ಮ ಲಾಕ್ಷಣಿಕರು ಇದನ್ನು ಪೂರ್ಣವಾಗಿ ಒಪ್ಪಿದವರಲ್ಲ. ಮಮ್ಮಟನು ತನ್ನ ‘ಕಾವ್ಯಪ್ರಕಾಶ’ದಲ್ಲಿ ಶಕ್ತಿ, ನಿಪುಣತೆ, ಅಭ್ಯಾಸ ಎಂಬ ಮೂರನ್ನು ಹೇಳಿ, ಅವು ಬೇರೆ ಬೇರೆ ಕಾರಣಗಳಲ್ಲ, ಮೂರೂ ಕೂಡಿ ಒಂದೇ ಕಾರಣವೆಂದು ನಿರ್ಣಯಿಸುತ್ತಾನೆ. ಶಕ್ತಿ ಹುಟ್ಟಿನಿಂದ ಬಂದುದು. ನಿಪುಣತೆ ಲೋಕ, ಶಾಸ್ತ್ರ, ಕಾವ್ಯಗಳ ಅವಲೋಕನದಿಂದ ಬರುವುದು. ಅಭ್ಯಾಸ ಬಲ್ಲವರ ಶಿಕ್ಷಣದಲ್ಲಿ ನಡೆಯುವುದು. ರಾಜಶೇಖರನಂತೂ ‘ಕಾವ್ಯಮೀಮಾಂಸೆ’ಯಲ್ಲಿ ಕವಿಯ ದಿನವನ್ನೇ ಯಾಮಗಳಾಗಿ ವಿಭಾಗಿಸಿ, ಅಧ್ಯಯನಕ್ಕೊಂದು, ರಚನೆಗೊಂದು, ಗೋಷ್ಠಿಗೊಂದು, ಬರೆದುದರ ಪರೀಕ್ಷೆಗೊಂದು ಎಂದು ಹಂಚಿಕೊಟ್ಟಿದ್ದಾನೆ. ರಚನೆಗೆ ಮೀಸಲಾದುದು ಒಂದೇ ಯಾಮವೆಂಬುದು ಗಮನಾರ್ಹ. ಶಕ್ತಿ ಕುಂಠಿತವಾದ ದಿನ ಉಳಿದೆರಡು ಅಂಗಗಳು ಕಲಾವಿದನನ್ನು ಹೊತ್ತು ನಡೆಸಬೇಕೆಂಬುದೇ ಇಂಥ ಮತಗಳಿಂದ ನಾವು ಗ್ರಹಿಸಬಹುದಾದ ಅರ್ಥ.

2. ಬಳ್ಳಿಗಾವೆಯ ರೂವಾರಿಗಳು

ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆ ಚಾಳುಕ್ಯರ ಕಾಲದಲ್ಲಿ ಬನವಾಸಿ ನಾಡಿನ ಪ್ರಮುಖ ಪಟ್ಟಣ. ಅಲ್ಲಿನ ಕೇದಾರೇಶ್ವರ, ತ್ರಿಪುರಾಂತಕೇಶ್ವರ ದೇವಾಲಯಗಳೂ ಕ್ರಿ. ಶ. 1047ರ ಗಂಡಭೇರುಂಡ ಸ್ತಂಭವೂ ಆ ಊರಿನ ಶಿಲ್ಪವೈಭವಕ್ಕೆ ಇಂದಿಗೂ ಸಾಕ್ಷಿಯಾಗಿವೆ. ಈ ಊರಿನ ದಾಸೋಜ ಮತ್ತು ಅವನ ಮಗ ಚಾವಣ ಎಂಬ ರೂವಾರಿಗಳು ಬೇಲೂರಿಗೆ ಹೋಗಿ, 1117ರಲ್ಲಿ ವಿಷ್ಣುವರ್ಧನನು ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವ ದೇವಾಲಯದ ಮದನಿಕೆಗಳಲ್ಲಿ ಕೆಲವನ್ನು ಕಡೆದರು. ಅಲ್ಲಿಯ ಪೀಠಗಳ ಮೇಲಣ ಬರಹಗಳೇ ಇದನ್ನು ತಿಳಿಸುತ್ತವೆ.

ಅವರ ಮುಂದಿದ್ದ ಕಾರ್ಯದ ಸ್ವರೂಪವನ್ನು ನೋಡೋಣ. ಮದನಿಕೆಗಳ ಸಂಖ್ಯೆ ಸುಮಾರು 40. ಎಲ್ಲವೂ ಬಳಪದ ಕಲ್ಲಿನವು, ಎಲ್ಲಕ್ಕೂ ಕಂಬದ ಮೇಲೆ, ಚಾಚಿದ ಸೂರಿನ ಕೆಳಗೆ, ಓರೆಯಾಗಿ ನಿಲ್ಲುವ ಒಂದೇ ಬಗೆಯ ಸ್ಥಾನ, ಎಲ್ಲವೂ ಸ್ತ್ರೀರೂಪಗಳು. ಇಷ್ಟು ಕಟ್ಟುಪಾಡಿನಲ್ಲಿ ಪುನರುಕ್ತಿ ಅನಿವಾರ್ಯವೆಂದು ತೋರಬಹುದು. ಆದರೆ ಒಬ್ಬಳು ಕನ್ನಡಿ ಹಿಡಿದಿದ್ದಾಳೆ, ಒಬ್ಬಳು ಗಿಳಿಯೊಡನೆ ಮಾತಾಡುತ್ತಾಳೆ, ಇನ್ನೊಬ್ಬಳು ಬೇಟೆಗೆ ಹೊರಟಿದ್ದಾಳೆ. ಏನನ್ನು ಮಾಡಬೇಕೆಂಬ ಪ್ರಶ್ನೆ ಮುಂಚೆಯೇ ಇತ್ಯರ್ಥವಾಗಿದ್ದುದರಿಂದ ಕಲ್ಪನೆಯೆಲ್ಲ ಹೇಗೆ ಮಾಡಬೇಕೆಂಬುದರ ಕಡೆಗೆ ಹರಿಯಿತು. ಇದರೊಡನೆ ಸ್ಪರ್ಧೆಯೂ ಸೇರಿತ್ತು. ನಾಡಿನ ನಾನಾ ಕಡೆಗಳಿಂದ ಬಂದ ರೂವಾರಿಗಳು ಒಂದೇ ಗುಡಿಯಲ್ಲಿ ಕೆಲಸ ಮಾಡುತ್ತಿದ್ದರು. ಎದುರಾಳಿಗಳನ್ನು ಗೆದ್ದವರೆಂದು ಸಾರುವ ಬಿರುದುಗಳನ್ನು ತಮ್ಮ ಹೆಸರಿನೊಡನೆ ಕೆತ್ತಿಕೊಂಡರು. ಊರು ಬಿಟ್ಟು ಹೊರಟುದು, ಸಮಾನರ ನಡುವೆ ನಿಂತುದು, ನಿಯತವಾದ ಚೌಕಟ್ಟಿನೊಳಗೆ ದುಡಿದುದು—ಈ ಮೂರೂ ಅವರ ಕೈಯನ್ನು ಚುರುಕಾಗಿಟ್ಟ ಕಾರಣಗಳೆಂದು ನಾವು ಊಹಿಸುತ್ತೇವೆ.

3. ಅಲ್ಲಮನ ಮೌನ

ಎರಡನೆಯ ನಿದರ್ಶನವೂ ಬಳ್ಳಿಗಾವೆಯದೇ. ಆದರೆ ಇದು ಶಾಸನದಿಂದ ಬಂದುದಲ್ಲ, ಕಾವ್ಯದಿಂದ ಬಂದುದು. ಹರಿಹರನು ತನ್ನ ರಗಳೆಯಲ್ಲಿ ಅಲ್ಲಮನನ್ನು ಮದ್ದಳೆಯ ಕಲಾವಿದನನ್ನಾಗಿ ಚಿತ್ರಿಸಿದ್ದಾನೆ. ಪ್ರಿಯೆಯಾದ ಕಮಲತೆ ಜ್ವರದಿಂದ ತೀರಿಕೊಂಡ ಬಳಿಕ ಅವನು ಮರುಳನಂತೆ ಅಲೆಯುತ್ತಾನೆ. ತೋಪೊಂದರಲ್ಲಿ ಕುಳಿತು ಕಾಲುಗುರಿನಿಂದ ನೆಲವನ್ನು ಕೆದಕುತ್ತಿರುವಾಗ ಕಳಶವೊಂದು ಕಾಣುತ್ತದೆ. ಅಗೆಯಿಸಿದಲ್ಲಿ ಗುಡಿಯೂ ಅದರೊಳಗೆ ಅನಿಮಿಷನೆಂಬ ಗುರುವೂ ದೊರೆಯುತ್ತಾರೆ. ಇದನ್ನು ಚರಿತ್ರೆಯೆಂದು ಓದಬೇಕಾಗಿಲ್ಲ. ಕಲಾವಿದನೊಬ್ಬನ ಸ್ತಂಭನವನ್ನು ಕವಿ ಹೇಗೆ ಅರ್ಥಮಾಡಿಕೊಂಡನೆಂಬುದೇ ನಮಗೆ ಮುಖ್ಯ. ಇಲ್ಲಿ ಅಭ್ಯಾಸ ಹೆಚ್ಚಿಸಿದ್ದರೆ ಪ್ರಯೋಜನವಾಗುತ್ತಿರಲಿಲ್ಲ. ಏಕೆಂದರೆ ಬತ್ತಿದುದು ಕೈಯ ಚಳಕವಲ್ಲ, ಯಾರ ಸಲುವಾಗಿ ನುಡಿಸುತ್ತಿದ್ದನೋ ಆ ಆಸರೆ. ಅಲ್ಲಮನು ಮತ್ತೆ ಮದ್ದಳೆಗೆ ಮರಳದೆ, ಬೇರೊಂದು ಮಾಧ್ಯಮದಲ್ಲಿ, ವಚನಕಾರನಾಗಿ ನಮಗೆ ಕಾಣುತ್ತಾನೆ. ಕೆಲವು ಸ್ತಂಭನಗಳು ಹಳೆಯ ದಾರಿ ಮುಗಿಯಿತೆಂಬ ಸೂಚನೆಗಳು. ಅವನ್ನು ಬಲಾತ್ಕಾರದಿಂದ ದಾಟುವುದಕ್ಕಿಂತ, ಕಾಲ್ಬೆರಳಿಗೆ ಏನು ತಾಗುತ್ತಿದೆಯೆಂದು ನೋಡುವುದು ಲೇಸು.

4. ಸೊರಬದ ಗುಡಿಗಾರರು

ಶಿಲೆಯಿಂದ ಮರಕ್ಕೆ ಬರೋಣ. ಸೊರಬ ಮತ್ತು ಸಾಗರದ ಗುಡಿಗಾರರ ಗಂಧದ ಕೆತ್ತನೆ ಬಹುಕಾಲದಿಂದ ಪ್ರಸಿದ್ಧ; 1897ರಲ್ಲಿ ಹೊರಬಂದ ರೈಸ್ ಅವರ ಮೈಸೂರು ಗ್ಯಾಸೆಟಿಯರಿನಲ್ಲಿಯೂ ಅದರ ಪ್ರಸ್ತಾಪವಿದೆ. ಪೆಟ್ಟಿಗೆಯ ಮುಚ್ಚಳದ ತುಂಬ ಹೆಣೆದ ಬಳ್ಳಿ, ಬಳ್ಳಿಯ ಸಂದುಗಳಲ್ಲಿ ಹಕ್ಕಿ, ಮೃಗ, ದೇವತಾಮೂರ್ತಿಗಳು—ಇದು ಅವರ ಮನೆಮಾತಾದ ರೀತಿ. ಹಲಗೆಯನ್ನು ನಯಮಾಡಿ, ಅದರ ಮೇಲೆ ಚಿತ್ರ ಬರೆದು, ಹಿನ್ನೆಲೆಯ ಮರವನ್ನು ಉಳಿಯಿಂದ ತೆಗೆದು, ಬಳಿಕ ಸಣ್ಣ ಉಳಿಗಳಿಂದ ಒಂದೊಂದು ಎಲೆಗೂ ರೂಪು ಕೊಡುತ್ತಾರೆ. ಮದುವೆಯ ಬಾಸಿಂಗಕ್ಕಾಗಿ ಬೆಂಡಿನ ಕೆಲಸವನ್ನೂ ಈ ಜನ ಮಾಡುತ್ತ ಬಂದಿದ್ದಾರೆ.

ಈ ಕುಲವಿದ್ಯೆಯಲ್ಲಿ ಹೊಸ ಕಲ್ಪನೆ ಮೂಡದ ದಿನವೂ ಕೆಲಸ ನಿಲ್ಲಬೇಕಾಗಿಲ್ಲ. ಹಿರಿಯರ ಮಾದರಿ ಕೈಯನ್ನು ನಡೆಸುತ್ತದೆ. ಹಿನ್ನೆಲೆ ತೆಗೆಯುವ, ಉಜ್ಜುವ ಕೆಲಸಗಳು ಬೇಸತ್ತ ಮನಸ್ಸಿಗೆ ಬಿಡುವನ್ನೂ ಕೊಡುತ್ತವೆ. ಆದರೆ ಮಾದರಿಯೇ ಸೆರೆಯಾಗಬಹುದೆಂಬುದೂ ದಿಟ. ಕೊಳ್ಳುವವರು ಒಂದೇ ಗಣಪತಿಯನ್ನು, ಒಂದೇ ಆನೆಯನ್ನು ಕೇಳುತ್ತಿದ್ದರೆ, ಅದನ್ನೇ ಮಾಡಿ ಬದುಕಬೇಕಾದವನು ಹೊಸ ಬಳ್ಳಿಯನ್ನು ಎಂದು ಬರೆದಾನು?

ಇದಕ್ಕಿಂತ ಕಠಿನವಾದುದು ಸಾಮಗ್ರಿಯ ಅಭಾವ. ಗಂಧದ ಮರ ಯಾರ ಭೂಮಿಯಲ್ಲಿ ಬೆಳೆದರೂ ಸರ್ಕಾರದ ಸ್ವತ್ತೆಂಬ ಹಳೆಯ ಕಟ್ಟಳೆ 2001ರ ತಿದ್ದುಪಡಿಯಿಂದ ಸಡಿಲವಾಯಿತು. ಆದರೆ ಚೇಗು ಬಲಿಯಲು ದಶಕಗಳು ಬೇಕಾಗುವ ಮರ ಕಾನೂನಿನ ಜೊತೆಜೊತೆಗೆ ಬೆಳೆಯಲಾರದು. ಕೆತ್ತುವವರು ಶಿವನೆ ಮರದ ಕಡೆಗೆ ತಿರುಗಿದುದು ಕೊರತೆಯಿಂದಲೇ ಆದರೂ, ಗಂಧದ ತುಂಡಿನಲ್ಲಿ ಒದಗದ ಗಾತ್ರ ಅದರಲ್ಲಿ ಒದಗಿತು. ಅಂಗೈಯಗಲದ ಸೂಕ್ಷ್ಮದಿಂದ ಆಳೆತ್ತರದ ಮೂರ್ತಿಗೆ ಹೋಗುವಾಗ ಕೈ ಹೊಸ ಲೆಕ್ಕಾಚಾರ ಕಲಿಯಬೇಕಾಗುತ್ತದೆ. ಇದನ್ನು ಲಾಭವೆಂದೇ ಎಣಿಸಬೇಕು. ಆದರೆ ಗಂಧವನ್ನು ಕಳೆದುಕೊಂಡ ನಷ್ಟ ಅದರಿಂದ ತುಂಬಿತೆನ್ನಲಾಗದು.

5. ಉಪಸಂಹಾರ

ಮೇಲಿನ ನಿದರ್ಶನಗಳಿಂದ ಸ್ತಂಭನವು ಒಂದೇ ರೋಗವಲ್ಲವೆಂಬುದು ವ್ಯಕ್ತವಾಗುತ್ತದೆ. ಬಳಕೆಯಿಂದ ಕೈ ಜಡವಾಗಿದ್ದರೆ ಹೊಸ ಸ್ಥಳ, ಸಮಾನರ ಸಂಗ, ನಿಯತವಾದ ಚೌಕಟ್ಟು ಅದಕ್ಕೆ ಮದ್ದು. ಒಳಗಿನ ಆಸರೆಯೇ ಕಳಚಿದ್ದರೆ ಕಾಲಾವಕಾಶ ಬೇಕು. ಮಾಧ್ಯಮದ ಬದಲಾವಣೆಯೂ ಬೇಕಾಗಬಹುದು. ಮರವಿಲ್ಲದೆ, ಕೊಳ್ಳುವವರಿಲ್ಲದೆ ಕೈ ನಿಂತಿದ್ದರೆ, ಅದನ್ನು ಕಲಾವಿದನ ಮನಸ್ಸಿನ ದೌರ್ಬಲ್ಯವೆಂದು ಕರೆಯುವುದು ಅನ್ಯಾಯ. ಬೇಲೂರಿನ ಮದನಿಕೆಗಳ ಹಿಂದೆ ದಾಸೋಜನ ಪ್ರತಿಭೆಯೊಡನೆ ಒಂದು ರಾಜ್ಯದ ಆಶ್ರಯವೂ ನಿಂತಿತ್ತು. ಗುಡಿಗಾರರ ಮಕ್ಕಳು ಉಳಿ ಹಿಡಿಯಬೇಕೆಂದು ಬಯಸುವವರು ಮೊದಲು ಅವರ ಮುಂದೆ ಮರವನ್ನೂ, ಹೊಸತನ್ನು ಬಯಸಿ ಬರುವ ಗಿರಾಕಿಯನ್ನೂ ತಂದಿರಿಸಬೇಕು. ಸ್ಫೂರ್ತಿಯ ವಿಷಯವಾಗಿ ಉಪದೇಶ ಅದರ ಅನಂತರದ ಮಾತು.