ಹೊರಪರದೆಯ ಚಿತ್ರವಿಕೃತಿ: ದೋಷ ಪ್ರತಿಯಲ್ಲೋ ಪರದೆಯಲ್ಲೋ?

ಹಸ್ತಪ್ರತಿಯ ಛಾಯಾಚಿತ್ರವನ್ನು ಒಂದು ಪರದೆಯಲ್ಲಿಯೂ ಅದರ ಪಾಠವನ್ನು ಮತ್ತೊಂದರಲ್ಲಿಯೂ ಇರಿಸಿಕೊಂಡು ಪರಿಷ್ಕರಣ ನಡೆಸುವ ವಿದ್ವಾಂಸರಿಗೆ ಯುಎಸ್‌ಬಿ ಹೊರಪರದೆ ಅನುಕೂಲದ ಸಾಧನ. ಆದರೆ ಲಿನಕ್ಸ್ ಗಣಕಗಳಲ್ಲಿ ಈ ಪರದೆಯ ಮೇಲೆ ಚಿತ್ರ ಹಿಗ್ಗುವುದು, ಗೆರೆಗಳು ಮೂಡುವುದು, ಬಣ್ಣ ಪಟ್ಟೆಗಟ್ಟುವುದು ಉಂಟು. ದಕಾರ-ಧಕಾರಗಳ ಭೇದವು ಅಕ್ಷರದಡಿಯ ಸಣ್ಣ ಗೀರಿನಲ್ಲಿ ನಿಂತಿರುವ ಲಿಪಿಯನ್ನು ಓದುವವರಿಗೆ ಇದು ಕೇವಲ ಕಣ್ಣಿನ ಕಿರಿಕಿರಿಯಲ್ಲ. ಪರದೆಯ ದೋಷವೇ ಪಾಠದೋಷವಾಗಿ ಉಳಿದುಬಿಡಬಹುದು.

ದೋಷದ ನೆಲೆಯನ್ನು ಗುರುತಿಸುವ ಸರಳ ಪರೀಕ್ಷೆ ಸ್ಕ್ರೀನ್‌ಶಾಟ್. ವಿಕೃತಿ ಕಾಣುತ್ತಿರುವಾಗಲೇ ಹೊರಪರದೆಯ ಸ್ಕ್ರೀನ್‌ಶಾಟ್ ತೆಗೆದು, ಅದನ್ನು ಗಣಕದ ಸ್ವಂತ ಪರದೆಯಲ್ಲಿ ನೋಡಬೇಕು. ಅಲ್ಲಿಯೂ ವಿಕೃತಿಯಿದ್ದರೆ ಕಾರಣವು ಕಡತದಲ್ಲಿ, ತಂತ್ರಾಂಶದಲ್ಲಿ ಅಥವಾ ಗ್ರಾಫಿಕ್ಸ್ ವ್ಯವಸ್ಥೆಯಲ್ಲಿದೆ. ಚಿತ್ರ ಶುದ್ಧವಾಗಿದ್ದರೆ, ಚಿತ್ರ ಸಿದ್ಧವಾದ ಮೇಲಿನ ಹಾದಿಯನ್ನು, ಅಂದರೆ ಚಾಲಕ ತಂತ್ರಾಂಶ, ಕೇಬಲ್ ಮತ್ತು ಪರದೆಗಳನ್ನು ಶೋಧಿಸಬೇಕು.

ಈ ಹಾದಿ ಎರಡು ಬಗೆಯದು. ಟೈಪ್-ಸಿ ಕಿಂಡಿಯ ಕೆಲವು ಪರದೆಗಳಿಗೆ ಗ್ರಾಫಿಕ್ಸ್ ಘಟಕದಿಂದಲೇ ಡಿಸ್‌ಪ್ಲೇಪೋರ್ಟ್ ಸಂಕೇತ ನೇರವಾಗಿ ಹರಿಯುತ್ತದೆ. ಇವಕ್ಕೆ ಪ್ರತ್ಯೇಕ ಚಾಲಕ ಬೇಡ. ಡಿಸ್‌ಪ್ಲೇಲಿಂಕ್ ಚಿಪ್ಪಿರುವ ಪರದೆಗಳಿಗಾದರೋ ಚಿತ್ರವನ್ನು ತಂತ್ರಾಂಶ ಸಂಕುಚಿತಗೊಳಿಸಿ ದತ್ತಾಂಶವಾಗಿ ಕಳುಹಿಸುತ್ತದೆ. ‘ಎಲ್‌ಎಸ್‌ಯುಎಸ್‌ಬಿ’ ಆದೇಶದ ಪಟ್ಟಿಯಲ್ಲಿ ‘17ಇ9’ ಎಂಬ ತಯಾರಕ ಸಂಖ್ಯೆ ಕಂಡರೆ ಅದು ಈ ಎರಡನೆಯ ಬಗೆ.

ಇಲ್ಲಿ ಕೇಬಲ್ಲಿನ ಸಾಮರ್ಥ್ಯ ಮುಖ್ಯ. 1920×1080 ಬಿಂದುಗಳ 24 ಬಿಟ್ ಚಿತ್ರವನ್ನು ಸೆಕೆಂಡಿಗೆ 60 ಬಾರಿ ಸಂಕುಚಿಸದೆ ಕಳುಹಿಸಲು ಸುಮಾರು 3 ಗಿಗಾಬಿಟ್ ವೇಗ ಬೇಕು. ಯುಎಸ್‌ಬಿ 2.0ರ ಗರಿಷ್ಠ ವೇಗ 480 ಮೆಗಾಬಿಟ್, ಯುಎಸ್‌ಬಿ 3.0ರದು 5 ಗಿಗಾಬಿಟ್. ಆದ್ದರಿಂದ ಮೊದಲು ಹಬ್ ತೆಗೆದು, ಗಿಡ್ಡನೆಯ ಉತ್ತಮ ಕೇಬಲ್ಲಿನಿಂದ ನೇರವಾಗಿ ಜೋಡಿಸಬೇಕು. ಚಿತ್ರ ಹಿಗ್ಗಿದ್ದರೆ ಪರದೆಯ ಸಹಜ ರೆಸಲ್ಯೂಷನ್ ಆಯ್ದುಕೊಳ್ಳಬೇಕು.

ಯುಎಸ್‌ಬಿ 2.0 ಕಾಲದ ಡಿಸ್‌ಪ್ಲೇಲಿಂಕ್ ಚಿಪ್ಪುಗಳಿಗೆ ಲಿನಕ್ಸ್ ಕರ್ನಲ್‌ನಲ್ಲಿಯೇ ‘ಯುಡಿಎಲ್’ ಚಾಲಕವಿದೆ. ಅದು ಬಣ್ಣವನ್ನು 16 ಬಿಟ್‌ಗೆ ಇಳಿಸಿ ಕಳುಹಿಸುವುದರಿಂದ ತಾಳೆಗರಿಯ ನಸುಗಂದಿನ ಛಾಯೆಗಳು ಪಟ್ಟೆಗಳಾಗಿ ಒಡೆಯಬಹುದು. ಇದು ಕೆಟ್ಟುಹೋದುದರ ಲಕ್ಷಣವಲ್ಲ, ಚಾಲಕದ ಮಿತಿ. ಹೊಸ ಚಿಪ್ಪುಗಳಿಗೆ ‘ಇವಿಡಿಐ’ ಎಂಬ ಕರ್ನಲ್ ಘಟಕವೂ ಡಿಸ್‌ಪ್ಲೇಲಿಂಕ್ ತಂತ್ರಾಂಶವೂ ಬೇಕು. ಕರ್ನಲ್ ನವೀಕರಣದ ನಂತರ ತೊಂದರೆ ಆರಂಭವಾಗಿದ್ದರೆ ಹಿಂದಿನ ಕರ್ನಲ್‌ನಿಂದ ಗಣಕವನ್ನು ಚಾಲೂ ಮಾಡಿ ನೋಡಬೇಕು. ಅಲ್ಲಿ ಸರಿಯಿದ್ದರೆ ಇವಿಡಿಐ ಘಟಕವನ್ನು ಹೊಸ ಕರ್ನಲ್‌ಗೆ ಮತ್ತೆ ಹೊಂದಿಸಬೇಕು. ಸೆಕ್ಯೂರ್ ಬೂಟ್ ಇರುವ ಗಣಕಗಳಲ್ಲಿ, ಸಹಿ ಇಲ್ಲದ ಘಟಕವನ್ನು ಕರ್ನಲ್ ತಿರಸ್ಕರಿಸಬಹುದು.

ಪರದೆಯ ವಿಕೃತಿಯಿಂದ ಮೂಲ ಕಡತಕ್ಕೆ ಹಾನಿಯಿಲ್ಲ. ದುರಸ್ತಿಯಾಗುವವರೆಗೆ ಸಂದಿಗ್ಧ ಅಕ್ಷರಗಳನ್ನು ಗಣಕದ ಸ್ವಂತ ಪರದೆಯಲ್ಲಿ ಹಿಗ್ಗಿಸಿ ನೋಡಿ, ಆ ಬಳಿಕವೇ ಪಾಠಾಂತರವನ್ನು ದಾಖಲಿಸುವುದು ಕ್ಷೇಮ.